ಬಂಡೆಯ ಮೇಲೆ ನಾಲ್ಕು ಅಂಗೈ

ಕೊಲ್ಲೂರಿನಲ್ಲಿ ಮೂಕಾಂಬಿಕೆಯ ದರ್ಶನ ಮುಗಿಸಿದವರಲ್ಲಿ ಹಲವರಿಗೆ ಕೊಡಚಾದ್ರಿಯನ್ನೂ ಕಂಡು ಬರುವ ಆಸೆ. ಹೊಸನಗರ ತಾಲ್ಲೂಕಿನ ಈ ಬೆಟ್ಟದ ಎತ್ತರ 1,343 ಮೀಟರ್. ನಡೆದು ಹತ್ತಲಾರದವರಿಗೆ ಜೀಪೇ ಗತಿ. ಒಳಗೆ ಕುಳಿತವರು ಕಂಬಿಯನ್ನು ಬಿಗಿಯಾಗಿ ಹಿಡಿದು ದೇವರ ಹೆಸರು ಹೇಳುತ್ತಿರುತ್ತಾರೆ. ಚಾಲಕ ಮಾತ್ರ ನಿಶ್ಚಿಂತೆಯಿಂದ ಒಂದು ಸಣ್ಣ ಲಿವರನ್ನು ಎಳೆದು, ಕಲ್ಲಿನಿಂದ ಕಲ್ಲಿಗೆ ಜೀಪನ್ನು ಆಮೆಯ ಹಾಗೆ ನಡೆಸುತ್ತಿರುತ್ತಾನೆ. ಮೇಲೆ ತಲುಪಿದ ಮೇಲೆ ಎಲ್ಲರ ಬಾಯಲ್ಲೂ ಒಂದೇ ಮಾತು: "ಎಂಥಾ ಎಂಜಿನ್ ಮಾರಾಯ್ರೇ!"

ಈ ಹೊಗಳಿಕೆ ಸಲ್ಲಬೇಕಾದದ್ದು ಎಂಜಿನ್ನಿಗೇ? ಅಲ್ಲ. ಬಂಡೆಯ ದಾರಿಯಲ್ಲಿ ಎಂಜಿನ್ನಿನ ಶಕ್ತಿಗೆ ಕೊರತೆ ಬರುವುದು ಅಪರೂಪ. ಕೊರತೆ ಬರುವುದು ಹಿಡಿತಕ್ಕೆ. ಟೈರು ನೆಲವನ್ನು ಮುಟ್ಟುವ ನಾಲ್ಕು ಸಣ್ಣ ಜಾಗಗಳಲ್ಲಿ ಜೀಪಿನ ಹಣೆಬರಹ ಬರೆದಿರುತ್ತದೆ. ಈ ಒಂದು ಮಾತು ತಿಳಿದರೆ ಜೀಪಿಗೆ ಯಾವುದನ್ನು ಹೊಸದಾಗಿ ಹಾಕಿಸಬೇಕು, ಯಾವುದನ್ನು ಬೇಡವೆನ್ನಬೇಕು, ಯಾವುದನ್ನು ದಿನವೂ ನೋಡಿಕೊಳ್ಳಬೇಕು ಎನ್ನುವುದು ತಾನಾಗಿ ತಿಳಿಯುತ್ತದೆ.

ಮಲೆನಾಡಿನ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಅಂಗಳದಲ್ಲಿ ಒಂದು ಹಳೆಯ ಜೀಪು. ತಂದೆ ಅದರಲ್ಲಿ ಪ್ರವಾಸಿಗರನ್ನು ಬೆಟ್ಟಕ್ಕೆ ಕರೆದೊಯ್ದು ಸಂಸಾರ ಸಾಗಿಸುತ್ತಿದ್ದಾರೆ. ಬಿ.ಎಸ್ಸಿ. ಓದುತ್ತಿರುವ ಮಗ ರಜೆಗೆ ಬಂದಿದ್ದಾನೆ. "ಅಪ್ಪಯ್ಯ, ಮೂವತ್ತೊಂದು ಇಂಚಿನ ಟೈರು ಹಾಕಿಸುವ. ಬಾಡಿ ನಾಲ್ಕು ಇಂಚು ಎತ್ತರಿಸುವ. ಆಗ ನಮ್ಮ ಜೀಪು ಹತ್ತದ ಬಂಡೆಯೇ ಇರುವುದಿಲ್ಲ" ಎನ್ನುತ್ತಾನೆ. ತಂದೆಯ ಉತ್ತರ ಚಿಕ್ಕದು: "ಮೊದಲು ಜೀಪಿನ ಕೆಳಗೆ ಮಲಗಿ ನೋಡು ಮಗಾ. ಆಮೇಲೆ ಟೈರಿನ ಮಾತು."

ಇವರಿಬ್ಬರಲ್ಲಿ ಯಾರ ಮಾತು ಸರಿ? ವಿಜ್ಞಾನ ಏನು ಹೇಳುತ್ತದೆ, ನೋಡೋಣ.

ಆನೆಬಲ ಬರುವುದು ಗೇರಿನಿಂದ

ಜೀಪು ಯುದ್ಧದ ಕೂಸು. 1940ರಲ್ಲಿ ಅಮೆರಿಕದ ಸೇನೆಗೆ ಹಗುರವಾದ, ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಹೋಗುವ ಒಂದು ವಾಹನ ಬೇಕಾಯಿತು. ಬ್ಯಾಂಟಮ್ ಎಂಬ ಚಿಕ್ಕ ಕಂಪನಿ ಮೊದಲ ಮಾದರಿಯನ್ನು ತಯಾರಿಸಿತು. ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಎರಡನೆಯ ಮಹಾಯುದ್ಧ ಮುಗಿಯುವುದರೊಳಗೆ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು. ಭಾರತದಲ್ಲಿ 1947ರಲ್ಲಿ ಮಹೀಂದ್ರ ಸಂಸ್ಥೆ ವಿಲ್ಲಿಸ್ ಜೀಪುಗಳ ಜೋಡಣೆಯನ್ನು ಆರಂಭಿಸಿತು. ನಮ್ಮ ಘಟ್ಟದ ಜೀಪುಗಳ ವಂಶವೃಕ್ಷ ಅಲ್ಲಿಂದ ಶುರು.

ಆ ವಿಲ್ಲಿಸ್ ಜೀಪಿನ ಎಂಜಿನ್ನಿನ ಶಕ್ತಿ ಕೇವಲ 60 ಅಶ್ವಶಕ್ತಿ. ಇಂದಿನ ಒಂದು ಸಾಧಾರಣ ಚಿಕ್ಕ ಕಾರಿನಷ್ಟೇ. ಆದರೆ ಅದಕ್ಕೆ ಎರಡು ಗೇರುಪೆಟ್ಟಿಗೆಗಳು. ಮೊದಲನೆಯದು ಎಲ್ಲ ಕಾರುಗಳಲ್ಲೂ ಇರುವಂಥದ್ದು. ಎರಡನೆಯದರ ಕೆಲಸ ಬಲವನ್ನು ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳಿಗೆ ಹಂಚುವುದು, ಮತ್ತು ಬೇಕಾದಾಗ ವೇಗವನ್ನು ಇನ್ನೂ ತಗ್ಗಿಸುವುದು. ಚಾಲಕ ಎಳೆಯುವ ಸಣ್ಣ ಲಿವರ್ ಇದರದ್ದೇ. ಮೊದಲನೆಯ ಗೇರಿನಲ್ಲಿ ವೇಗ 2.67 ಪಟ್ಟು ತಗ್ಗುತ್ತದೆ, ಎರಡನೆಯ ಪೆಟ್ಟಿಗೆಯಲ್ಲಿ 1.97 ಪಟ್ಟು, ಆಕ್ಸಲ್‌ನಲ್ಲಿ 4.88 ಪಟ್ಟು. ಮೂರನ್ನೂ ಗುಣಿಸಿದರೆ ಸುಮಾರು 25.7. ಅಂದರೆ ಎಂಜಿನ್ 25 ಸುತ್ತಿಗಿಂತ ಹೆಚ್ಚು ತಿರುಗಿದಾಗ ಚಕ್ರ ಒಂದು ಸುತ್ತು ತಿರುಗುತ್ತದೆ. ಜೀಪು ಮನುಷ್ಯ ನಡೆಯುವ ವೇಗಕ್ಕೆ ಇಳಿಯುತ್ತದೆ.

ವೇಗ ಕಳೆದುಕೊಂಡದ್ದೆಲ್ಲ ಬಲವಾಗಿ ಮರಳಿ ಬರುತ್ತದೆ. ಸನ್ನೆಕೋಲಿನ ಪಾಠವೇ ಇದು. ಗೇರುಗಳ ಒಳಗಿನ ನಷ್ಟವನ್ನು ಕಳೆದರೂ ಚಕ್ರಗಳು ಜೀಪನ್ನು ದೂಡುವ ಬಲ ಅದರ ಸ್ವಂತ ತೂಕದ ಮುಕ್ಕಾಲು ಪಾಲಿಗಿಂತ ಹೆಚ್ಚು. ಇಷ್ಟು ಬಲ ಇದ್ದೂ ಜೀಪು ಬಂಡೆಯ ಮೇಲೆ ನಿಂತುಬಿಡುವುದೇಕೆ? ಬಲ ಇದ್ದರೆ ಸಾಲದು, ಅದನ್ನು ನೆಲಕ್ಕೆ ಒಪ್ಪಿಸಬೇಕು. ಒಪ್ಪಿಸುವುದು ಘರ್ಷಣೆ.

ಎಷ್ಟು ಕಡಿದಾದ ಏರು?

ಒಣ ಬಂಡೆ ಮತ್ತು ರಬ್ಬರಿನ ನಡುವಿನ ಘರ್ಷಣಾಂಕವನ್ನು 0.7 ಎಂದು ಇಟ್ಟುಕೊಳ್ಳೋಣ. ಏರಿನ ಕೋನದ ಟ್ಯಾನ್ ಬೆಲೆ ಈ ಅಂಕವನ್ನು ಮೀರಿದರೆ ಟೈರು ಜಾರುತ್ತದೆ. ಟ್ಯಾನ್ 35 ಡಿಗ್ರಿ ಎಂದರೆ 0.7. ಹಾಗಾಗಿ ನಾಲ್ಕೂ ಚಕ್ರಗಳು ದೂಡುತ್ತಿದ್ದರೆ ಜೀಪು 35 ಡಿಗ್ರಿಯವರೆಗಿನ ಏರನ್ನು ಹತ್ತಬಹುದು. ಎರಡೇ ಚಕ್ರಗಳು ದೂಡುತ್ತಿದ್ದು, ಅವುಗಳ ಮೇಲೆ ಅರ್ಧ ತೂಕ ಇದ್ದರೆ ಮಿತಿ ಸುಮಾರು 19 ಡಿಗ್ರಿ. ಮಳೆ ಬಿದ್ದು, ಬಂಡೆಗೆ ಪಾಚಿ ಹಿಡಿದು ಘರ್ಷಣಾಂಕ 0.3ಕ್ಕೆ ಇಳಿಯಿತೆನ್ನಿ. ಆಗ ನಾಲ್ಕು ಚಕ್ರಕ್ಕೆ 17 ಡಿಗ್ರಿ, ಎರಡು ಚಕ್ರಕ್ಕೆ ಎಂಟೂವರೆ ಡಿಗ್ರಿ! ಎಂಜಿನ್ ಅದೇ, ಗೇರು ಅದೇ. ಒಂದು ಮಳೆ ಜೀಪಿನ ಸಾಮರ್ಥ್ಯವನ್ನು ಅರ್ಧಕ್ಕೆ ಇಳಿಸಿತು.

ಇಲ್ಲಿ ಇನ್ನೊಂದು ತೊಡಕಿದೆ. ಜೀಪು ತಿರುವಿನಲ್ಲಿ ಹೋಗುವಾಗ ಹೊರಗಿನ ಚಕ್ರ ಹೆಚ್ಚು ದೂರ ಉರುಳಬೇಕು. ಅದಕ್ಕಾಗಿ ಆಕ್ಸಲ್‌ನ ನಡುವೆ ಡಿಫರೆನ್ಷಿಯಲ್ ಎಂಬ ಹಲ್ಲುಚಕ್ರಗಳ ಕಟ್ಟು ಇರುತ್ತದೆ. ಎರಡೂ ಚಕ್ರಗಳಿಗೆ ಸಮನಾದ ತಿರುಚುಬಲ ಕೊಡುವುದು ಅದರ ಧರ್ಮ. ಟಾರು ರಸ್ತೆಯಲ್ಲಿ ಇದು ವರ. ಬಂಡೆಯ ಮೇಲೆ ಒಂದು ಚಕ್ರ ಗಾಳಿಯಲ್ಲಿ ತೇಲಿತೆಂದರೆ ಅದೇ ಶಾಪ. ತೇಲುವ ಚಕ್ರವನ್ನು ತಿರುಗಿಸಲು ಬಲವೇ ಬೇಡ. ನೆಲದ ಮೇಲಿರುವ ಜೊತೆಯ ಚಕ್ರಕ್ಕೂ ಅಷ್ಟೇ ಅಲ್ಪ ಬಲ ಸಿಗುತ್ತದೆ. ಮುಂದಿನ ಎಡ ಚಕ್ರ ಮತ್ತು ಹಿಂದಿನ ಬಲ ಚಕ್ರ ಒಟ್ಟಿಗೆ ತೇಲಿದರೆ ನಾಲ್ಕು ಚಕ್ರದ ಜೀಪೂ ಅಲ್ಲಾಡದೆ ನಿಲ್ಲುತ್ತದೆ. ಆಗ ಆಕ್ಸಿಲರೇಟರ್ ತುಳಿದು ಪ್ರಯೋಜನವಿಲ್ಲ. ತೇಲುವ ಚಕ್ರದ ಕೆಳಗೆ ಒಂದು ಗಟ್ಟಿ ಕಲ್ಲನ್ನು ಕೂರಿಸುವುದೇ ಜಾಣತನ. ಈಗಿನ ಕೆಲವು ವಾಹನಗಳಲ್ಲಿ ಡಿಫರೆನ್ಷಿಯಲ್‌ಗೆ ಬೀಗ ಹಾಕಿ ಎರಡೂ ಚಕ್ರಗಳನ್ನು ಒಂದಾಗಿ ತಿರುಗಿಸುವ ಏರ್ಪಾಡನ್ನು ಕಂಪನಿಯವರೇ ಕೊಡುತ್ತಾರೆ.

ನುರಿತ ಚಾಲಕ ದೊಡ್ಡ ಕಲ್ಲನ್ನು ಎರಡು ಚಕ್ರಗಳ ನಡುವೆ ಬಿಡದೆ, ಟೈರನ್ನೇ ಅದರ ಮೇಲೆ ಹತ್ತಿಸುವುದನ್ನು ನೋಡಿ ಹೊಸಬರು ಗಾಬರಿಯಾಗುತ್ತಾರೆ. ಕಾರಣ ಸರಳ. ಆಕ್ಸಲ್‌ನ ನಡುವೆ ಜೋತಾಡುವ ಡಿಫರೆನ್ಷಿಯಲ್‌ನ ಉಬ್ಬು ಜೀಪಿನ ಅತಿ ತಗ್ಗಿನ ಭಾಗ. ಕಲ್ಲು ನಡುವೆ ಬಂದರೆ ಪೆಟ್ಟು ಅದಕ್ಕೆ. ಟೈರು ಹತ್ತಿದರೆ ಉಬ್ಬೂ ಜೊತೆಗೆ ಮೇಲೇಳುತ್ತದೆ. ಇಂಥ ಕಡೆ ಸ್ಟಿಯರಿಂಗ್ ಹಿಡಿಯುವಾಗ ಹೆಬ್ಬೆರಳು ಚಕ್ರದ ಒಳಗೆ ಸುತ್ತಿಕೊಂಡಿರಬಾರದು. ಕಲ್ಲಿಗೆ ಟೈರು ಬಡಿದಾಗ ಸ್ಟಿಯರಿಂಗ್ ಥಟ್ಟನೆ ತಿರುಗಿ ಬೆರಳನ್ನು ಮುರಿದೀತು.

ಗಾಳಿ ಇಳಿಸುವ ಗುಟ್ಟು

1,300 ಕೆ.ಜಿ. ತೂಕದ ಜೀಪಿನಲ್ಲಿ ಒಂದೊಂದು ಟೈರಿನ ಮೇಲೆ 325 ಕೆ.ಜಿ. ಬೀಳುತ್ತದೆ ಎಂದುಕೊಳ್ಳಿ. ಟೈರಿನಲ್ಲಿ ಚದರ ಅಂಗುಲಕ್ಕೆ 30 ಪೌಂಡ್, ಅಂದರೆ ಪಂಕ್ಚರ್ ಅಂಗಡಿಯವರ ಮಾತಿನಲ್ಲಿ 30 ಪಾಯಿಂಟ್ ಗಾಳಿ ಇದೆ. ಇದು ಚದರ ಸೆಂಟಿಮೀಟರಿಗೆ ಸುಮಾರು 2.1 ಕೆ.ಜಿ. ಭಾರವನ್ನು ಒತ್ತಡದಿಂದ ಭಾಗಿಸಿದರೆ ಟೈರು ನೆಲ ಮುಟ್ಟುವ ಜಾಗ ಸರಿಸುಮಾರು 155 ಚದರ ಸೆಂಟಿಮೀಟರ್. ಬೆರಳುಗಳೂ ಸೇರಿ ದೊಡ್ಡವರ ಒಂದು ಅಂಗೈಯಷ್ಟು! ಇಡೀ ಜೀಪು, ಒಳಗಿನ ಜೀವಗಳು ಎಲ್ಲವೂ ಇಂಥ ನಾಲ್ಕು ಅಂಗೈಗಳ ಮೇಲೆ ನಿಂತಿವೆ. ಗಾಳಿಯನ್ನು 18 ಪಾಯಿಂಟಿಗೆ ಇಳಿಸಿದರೆ ಆ ಜಾಗ ಸುಮಾರು 255 ಚದರ ಸೆಂಟಿಮೀಟರಿಗೆ ಹಿಗ್ಗುತ್ತದೆ.

ಇಲ್ಲಿ ಚುರುಕಾದ ವಿದ್ಯಾರ್ಥಿ ಕೈ ಎತ್ತಿ ಕೇಳಬೇಕು: "ಘರ್ಷಣೆ ತಾಗುವ ಜಾಗದ ವಿಸ್ತೀರ್ಣವನ್ನು ಅವಲಂಬಿಸಿಲ್ಲ ಎಂದು ಪುಸ್ತಕದಲ್ಲಿದೆಯಲ್ಲ ಸಾರ್?" ಒಳ್ಳೆಯ ಪ್ರಶ್ನೆ. ಆ ನಿಯಮ ಮರದ ತುಂಡು, ಕಬ್ಬಿಣದಂಥ ಗಟ್ಟಿ ವಸ್ತುಗಳಿಗೆ ಚೆನ್ನಾಗಿ ಹೊಂದುತ್ತದೆ. ರಬ್ಬರು ಮೆತ್ತನೆಯದು. ಅದು ಕಲ್ಲಿನ ಉಬ್ಬುತಗ್ಗುಗಳ ಒಳಗೆ ಇಳಿದು, ಅಂಚುಗಳನ್ನು ತಬ್ಬಿಕೊಂಡು ಕೊಕ್ಕೆ ಹಾಕಿದಂತೆ ಹಿಡಿಯುತ್ತದೆ. ಗಾಳಿ ಕಡಿಮೆ ಇದ್ದಷ್ಟೂ ಈ ತಬ್ಬುಗೆ ಹೆಚ್ಚು. ಚೂಪು ಕಲ್ಲಿನ ಪೆಟ್ಟನ್ನೂ ಅದು ನುಂಗಿಕೊಳ್ಳುತ್ತದೆ.

ಆದರೆ ಇದಕ್ಕೂ ಮಿತಿ ಇದೆ. ಗಾಳಿ ತೀರಾ ಇಳಿದರೆ ಟೈರು ರಿಮ್ಮಿನಿಂದ ಕಳಚಬಹುದು, ಪಕ್ಕದ ಗೋಡೆ ಕಲ್ಲಿಗೆ ಸಿಕ್ಕಿ ಹರಿಯಬಹುದು. ತುಂಬಾ ಜನ ಕುಳಿತ ಜೀಪಿನಲ್ಲಂತೂ ಹೆಚ್ಚು ಇಳಿಸಬಾರದು. ಟಾರು ರಸ್ತೆಗೆ ಬಂದ ಕೂಡಲೇ ಗಾಳಿ ತುಂಬಿಸಲೇಬೇಕು. ಮೆತ್ತಗಿನ ಟೈರು ವೇಗದಲ್ಲಿ ಮತ್ತೆ ಮತ್ತೆ ಬಾಗಿ ಬಿಸಿಯೇರಿ ಒಡೆಯುವ ಅಪಾಯವಿದೆ. ಹಾಗೆಯೇ ಹಳೆಯ ಮಾದರಿಯ ಜೀಪುಗಳಲ್ಲಿ ಫೋರ್ ವೀಲ್ ಲಿವರನ್ನೂ ಒಣ ಟಾರಿನ ಮೇಲೆ ಬಿಡಿಸಿಬಿಡಬೇಕು. ತಿರುವಿನಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳು ಹೋಗುವ ದೂರ ಬೇರೆ ಬೇರೆ. ಕಲ್ಲು ಮಣ್ಣಿನಲ್ಲಿ ಟೈರು ಕೊಂಚ ಜಾರಿ ಲೆಕ್ಕ ಸರಿಮಾಡಿಕೊಳ್ಳುತ್ತದೆ, ಟಾರಿನಲ್ಲಿ ಜಾರಲಾಗದೆ ಗೇರುಗಳು ತಿರುಚಿಕೊಳ್ಳುತ್ತವೆ.

ದೊಡ್ಡ ಟೈರಿನ ಬೆಲೆ

ಈಗ ಮಗನ ಮಾತಿಗೆ ಬರೋಣ. 28 ಇಂಚಿನ ಟೈರು ತೆಗೆದು 31 ಇಂಚಿನದನ್ನು ಹಾಕಿದರೆ ಜೀಪಿನ ಹೊಟ್ಟೆ ನೆಲದಿಂದ ಒಂದೂವರೆ ಇಂಚು ಮೇಲೇಳುತ್ತದೆ. ಬಂಡೆಯ ದಾರಿಯಲ್ಲಿ ಒಂದೂವರೆ ಇಂಚು ಚಿಲ್ಲರೆಯೇನಲ್ಲ. ಆದರೆ ನಿಸರ್ಗ ಯಾವುದನ್ನೂ ಪುಕ್ಕಟೆ ಕೊಡುವುದಿಲ್ಲ. ಸನ್ನೆಕೋಲಿನ ತೋಳು ಉದ್ದವಾದ್ದರಿಂದ ಚಕ್ರದ ಅಂಚಿನಲ್ಲಿ ಸಿಗುವ ಬಲ ಶೇಕಡಾ 10ರಷ್ಟು ಇಳಿಯುತ್ತದೆ. ಬ್ರೇಕಿನ ಹಿಡಿತವೂ ಅಷ್ಟೇ ಇಳಿಯುತ್ತದೆ. ಸ್ಪೀಡೋಮೀಟರ್ 50 ತೋರಿಸುವಾಗ ಜೀಪು ನಿಜವಾಗಿ 55ರಲ್ಲಿ ಓಡುತ್ತಿರುತ್ತದೆ. ಟೈರು ಭಾರವಾದ್ದರಿಂದ ಬೇರಿಂಗ್, ಕಿಂಗ್‌ಪಿನ್, ಸ್ಟಿಯರಿಂಗಿನ ಕೀಲುಗಳು ಬೇಗ ಸವೆಯುತ್ತವೆ.

ಎತ್ತರಿಸುವುದು ಇನ್ನೂ ಸೂಕ್ಷ್ಮ. ಎಡ ಬಲ ಚಕ್ರಗಳ ನಡುವೆ 130 ಸೆಂಟಿಮೀಟರ್ ಅಂತರವಿರುವ ಜೀಪಿನ ಗುರುತ್ವಕೇಂದ್ರ ನೆಲದಿಂದ 65 ಸೆಂಟಿಮೀಟರ್ ಮೇಲಿದೆ ಎನ್ನಿ. ಲೆಕ್ಕದ ಪ್ರಕಾರ ಅದು ಪಕ್ಕಕ್ಕೆ 45 ಡಿಗ್ರಿ ವಾಲುವವರೆಗೂ ಉರುಳದು. ನಾಲ್ಕು ಇಂಚು, ಅಂದರೆ 10 ಸೆಂಟಿಮೀಟರ್ ಎತ್ತರಿಸಿದರೆ ಮಿತಿ 41 ಡಿಗ್ರಿಗೆ ಬರುತ್ತದೆ. ಛಾವಣಿಯ ಮೇಲೆ ಸಾಮಾನು ಹೇರಿ ಕೇಂದ್ರವನ್ನು ಇನ್ನೂ 10 ಸೆಂಟಿಮೀಟರ್ ಮೇಲೇರಿಸಿದರೆ 37 ಡಿಗ್ರಿ. ಸ್ಪ್ರಿಂಗುಗಳು ಒಂದು ಪಕ್ಕಕ್ಕೆ ಕುಸಿಯುವುದರಿಂದ, ಜನ ಒಂದೇ ಕಡೆಗೆ ವಾಲುವುದರಿಂದ ನಿಜವಾದ ಮಿತಿ ಇದಕ್ಕಿಂತ ಬಹಳ ಕಡಿಮೆ. ಒಂದು ಪಕ್ಕ ಪ್ರಪಾತವಿರುವ ದಾರಿಯಲ್ಲಿ ಈ ಕೆಲವು ಡಿಗ್ರಿಗಳು ಬರೀ ಅಂಕಿಗಳಲ್ಲ, ಜೀವಗಳು.

ತಂದೆತಾಯಿಗಳು ಕಾನೂನನ್ನೂ ತಿಳಿದಿರಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ವಾಹನದ ಮೂಲ ರೂಪವನ್ನು ಮಾಲೀಕ ಮನಬಂದಂತೆ ಬದಲಿಸುವುದನ್ನು ತಡೆಯುತ್ತದೆ. ತಯಾರಕರು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾದ ಮಾರ್ಪಾಡು ಸಲ್ಲದೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ತೀರ್ಪಿತ್ತಿದೆ. ಸಾವಿರಾರು ರೂಪಾಯಿ ಸುರಿದು ಎತ್ತರಿಸಿದ ಜೀಪು ಕಾಗದಪತ್ರದ ತೊಡಕಿಗೆ ಸಿಕ್ಕಿದರೆ ಜೀಪನ್ನೇ ನಂಬಿದ ಸಂಸಾರದ ಗತಿಯೇನು? ಏನನ್ನೇ ಹಾಕಿಸುವ ಮೊದಲು ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಕ್ಷೇಮ.

ಹಾಗಾದರೆ ಸುಧಾರಣೆಯೇ ಬೇಡವೆ? ಬೇಕು, ಅದಕ್ಕೊಂದು ಕ್ರಮ ಬೇಕು. ಕಂಪನಿ ಹೇಳಿದ ಅಳತೆಯಲ್ಲೇ ಆಳವಾದ ಗೀರುಗಳಿರುವ, ಪಕ್ಕದ ಗೋಡೆ ಗಟ್ಟಿಯಾದ ಟೈರುಗಳು ಮೊದಲು. ಎಂಜಿನ್ನಿನ ಎಣ್ಣೆತೊಟ್ಟಿಗೆ ಕಲ್ಲು ಬಡಿಯದಂತೆ ಕೆಳಗೊಂದು ಕಬ್ಬಿಣದ ತಗಡು ಎರಡನೆಯದು. ಸಿಕ್ಕಿಬಿದ್ದಾಗ ಎಳೆಯಲು ಚಾಸಿಗೆ ಭದ್ರವಾಗಿ ಬಿಗಿದ ಕೊಕ್ಕೆಗಳು ಮೂರನೆಯದು. ಜೊತೆಗೆ ಗಾಳಿಯ ಮೀಟರು, ಪಂಪು, ಜಾಕು, ಜಾಕಿನ ಕೆಳಗಿಡಲು ಒಂದು ಹಲಗೆ, ಸಲಿಕೆ, ಗಟ್ಟಿ ಹಗ್ಗ. ಹಗ್ಗದಿಂದ ಎಳೆಯುವಾಗ ಯಾರೂ ಹತ್ತಿರ ನಿಲ್ಲಬಾರದು. ತುಂಡಾದ ಹಗ್ಗ ಚಾವಟಿಯಂತೆ ಬೀಸಿ ಬಡಿಯುತ್ತದೆ.

ಇಳಿಯುವಾಗಿನ ಬೆಂಕಿ

ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಜನ ತುಂಬಿ 1,800 ಕೆ.ಜಿ. ತೂಗುವ ಜೀಪು 600 ಮೀಟರ್ ಎತ್ತರದಿಂದ ಇಳಿಯಿತೆನ್ನಿ. ಅದರಲ್ಲಿದ್ದ ಸ್ಥಿತಿಶಕ್ತಿ ಒಂದು ಕೋಟಿ ಜೂಲ್‌ಗಳಿಗೂ ಹೆಚ್ಚು. 33 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಇಷ್ಟು ಸಾಕು. ಬರೀ ಬ್ರೇಕು ತುಳಿದು ಇಳಿದರೆ ಈ ಬಿಸಿಯೆಲ್ಲ ಬ್ರೇಕಿನ ಡ್ರಮ್ಮಿಗೆ. ಅಲ್ಲಿಂದ ಬ್ರೇಕ್ ಆಯಿಲಿಗೆ.

ಈ ಆಯಿಲಿಗೆ ಒಂದು ದುರಭ್ಯಾಸ. ಗಾಳಿಯಲ್ಲಿನ ತೇವವನ್ನು ಮೆಲ್ಲಗೆ ಹೀರಿಕೊಳ್ಳುತ್ತದೆ. ಡಾಟ್ 3 ಎಂಬ ದರ್ಜೆಯ ಹೊಸ ಆಯಿಲಿನ ಕುದಿಯುವ ಬಿಂದು 205 ಡಿಗ್ರಿ ಸೆಲ್ಸಿಯಸ್‌ಗೆ ಕಡಿಮೆ ಇರಬಾರದೆಂಬ ನಿಯಮವಿದೆ. ನೀರು ಕುಡಿದ ಮೇಲೆ ಅದಕ್ಕಿರುವ ಕನಿಷ್ಠ ಮಿತಿ 140 ಡಿಗ್ರಿ ಮಾತ್ರ. ಕುದಿದರೆ ಕೊಳವೆಯಲ್ಲಿ ಆವಿಯ ಗುಳ್ಳೆಗಳೇಳುತ್ತವೆ. ದ್ರವವನ್ನು ಅದುಮಲಾಗದು, ಆವಿಯನ್ನು ಅದುಮಬಹುದು. ಪೆಡಲ್ ತಳ ಮುಟ್ಟುತ್ತದೆ, ಬ್ರೇಕು ಹಿಡಿಯುವುದಿಲ್ಲ. ಮಲೆನಾಡಿನ ಮಳೆಯಲ್ಲಿ ಓಡುವ ಜೀಪಿಗೆ ಈ ಆಯಿಲನ್ನು ಕಾಲಕಾಲಕ್ಕೆ ಬದಲಿಸುವುದು ಹೊಸ ಟೈರಿಗಿಂತ ಮುಖ್ಯ. ಇಳಿಯುವಾಗ ಕೆಳಗಿನ ಗೇರಿನಲ್ಲಿಟ್ಟು, ಕ್ಲಚ್ ಮುಟ್ಟದೆ, ಎಂಜಿನ್ನಿನಿಂದಲೇ ಜೀಪನ್ನು ತಡೆಹಿಡಿಯಬೇಕು. ಬ್ರೇಕು ಆಗಾಗ ಸಹಾಯಕ್ಕೆ ಮಾತ್ರ.

ಕೆಳಗೆ ಮಲಗಿ ನೋಡಬೇಕಾದದ್ದು

ತಂದೆಯ ಮಾತಿನ ತಿರುಳು ಇಲ್ಲಿದೆ. ಬೆಟ್ಟದಿಂದ ಬಂದ ಜೀಪನ್ನು ಮೊದಲು ತೊಳೆಯಬೇಕು. ಚಂದಕ್ಕಲ್ಲ, ಕೆಸರಿನ ಕೆಳಗೆ ಬಿರುಕು ಅಡಗಿರುತ್ತದೆ ಎನ್ನುವುದಕ್ಕೆ. ರೇಡಿಯೇಟರಿನ ಸಂದುಗಳಲ್ಲಿ ಕೂತ ಮಣ್ಣನ್ನು ತೆಗೆಯದಿದ್ದರೆ ಎಂಜಿನ್ ಬಿಸಿಯಾಗುತ್ತದೆ. ಬ್ಲೇಡ್ ಸ್ಪ್ರಿಂಗುಗಳಲ್ಲಿ ಒಂದು ಪಟ್ಟಿ ಮುರಿದಿದೆಯೇ, ಅದನ್ನು ಆಕ್ಸಲ್‌ಗೆ ಕಟ್ಟಿರುವ ಯು ಬೋಲ್ಟು ಸಡಿಲವಾಗಿದೆಯೇ ನೋಡಬೇಕು. ಗ್ರೀಸ್ ನಿಪ್ಪಲ್‌ಗಳಿಗೆ ಹಳೆಯ ಗ್ರೀಸು ಹೊರಬಂದು ಹೊಸದು ಕಾಣುವವರೆಗೆ ಗ್ರೀಸು ತುಂಬಬೇಕು. ಚಕ್ರವನ್ನು ಜಾಕಿನಲ್ಲಿ ಎತ್ತಿ, ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿ ನೋಡಬೇಕು. ಲಟಲಟ ಎಂದರೆ ಬೇರಿಂಗ್ ಸಡಿಲವಾಗಿದೆ, ಇಲ್ಲವೇ ಕಿಂಗ್‌ಪಿನ್ ಸವೆದಿದೆ. ಬ್ರೇಕಿನ ರಬ್ಬರ್ ಕೊಳವೆಯನ್ನು ಬಾಗಿಸಿ ಬಿರುಕು ಹುಡುಕಬೇಕು. ಒಂದು ಎಚ್ಚರಿಕೆ: ಬರೀ ಜಾಕನ್ನು ನಂಬಿ ಜೀಪಿನ ಕೆಳಗೆ ಯಾರೂ ತಲೆ ಹಾಕಬಾರದು. ಗಟ್ಟಿ ದಿಮ್ಮಿಯ ಆಧಾರ ಕೊಟ್ಟು, ಉಳಿದ ಚಕ್ರಗಳಿಗೆ ಕಲ್ಲು ಕೊಟ್ಟ ಮೇಲೆಯೇ ಕೆಲಸ.

ಹೊಳೆ ದಾಟಿದ ಜೀಪಿನ ಡಿಫರೆನ್ಷಿಯಲ್ ಎಣ್ಣೆಯನ್ನು ಮರೆಯದೆ ನೋಡಬೇಕು. ಓಡಿ ಓಡಿ 80 ಡಿಗ್ರಿಗೆ ಬಿಸಿಯಾದ ಡಬ್ಬಿ 25 ಡಿಗ್ರಿಯ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿಯ ಒತ್ತಡ ಸುಮಾರು ಆರರಲ್ಲಿ ಒಂದು ಪಾಲು ಕುಗ್ಗುತ್ತದೆ. ಗಾಳಿಯಾಡಲು ಇಟ್ಟ ಸಣ್ಣ ಕಿಂಡಿ ಕೆಸರಿನಿಂದ ಮುಚ್ಚಿದ್ದರೆ ಡಬ್ಬಿ ತನ್ನ ಸೀಲುಗಳ ಸಂದಿನಿಂದ ಹೊಳೆಯ ನೀರನ್ನೇ ಹೀರುತ್ತದೆ. ನೀರು ಬೆರೆತ ಎಣ್ಣೆ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗುತ್ತದೆ. ಹಾಗೆಯೇ ಓಡಿಸಿದರೆ ಹಲ್ಲುಚಕ್ರಗಳೂ ಬೇರಿಂಗುಗಳೂ ಹಾಳು.

ಮನೆಯಲ್ಲೇ ಮಾಡಿ ನೋಡಿ

ಒಂದು ಹಲಗೆ, ಒಂದು ಮರದ ತುಂಡು, ಹಳೆಯ ಸೈಕಲ್ ಟ್ಯೂಬಿನ ಚೂರು ಸಾಕು. ರಬ್ಬರನ್ನು ತುಂಡಿನ ಅಡಿಗೆ ಅಂಟಿಸಿ ಹಲಗೆಯ ಮೇಲಿಡಿ. ಹಲಗೆಯ ಒಂದು ತುದಿಯನ್ನು ಮೆಲ್ಲಗೆ ಎತ್ತಿ. ತುಂಡು ಜಾರುವ ಕ್ಷಣದಲ್ಲಿ ತುದಿಯ ಎತ್ತರವನ್ನೂ, ಅದರ ನೇರ ಕೆಳಗಿನಿಂದ ಹಲಗೆಯ ಇನ್ನೊಂದು ತುದಿಗಿರುವ ಅಡ್ಡ ದೂರವನ್ನೂ ಅಳೆಯಿರಿ. ಎತ್ತರವನ್ನು ದೂರದಿಂದ ಭಾಗಿಸಿದರೆ ಬರುವುದೇ ಘರ್ಷಣಾಂಕ. ಹಲಗೆಗೆ ನೀರು ಚಿಮುಕಿಸಿ, ಆಮೇಲೆ ಸೋಪಿನ ನೀರು ಸವರಿ ಮತ್ತೆ ಮಾಡಿ. ಅಂಕಿಗಳನ್ನು ಪಕ್ಕಪಕ್ಕ ಬರೆದಿಡಿ. ಮಳೆಗಾಲದಲ್ಲಿ ಬೆಟ್ಟದ ಜೀಪುಗಳನ್ನು ಏಕೆ ತಡೆಯುತ್ತಾರೆ ಎಂಬುದಕ್ಕೆ ಬೇರೆ ಉತ್ತರ ಬೇಡ.

ಮತ್ತೆ ಆ ಅಂಗಳಕ್ಕೆ ಹೋಗೋಣ. ಮಗ ಗೋಣಿ ಹಾಸಿಕೊಂಡು ಜೀಪಿನ ಕೆಳಗೆ ಮಲಗಿದ್ದಾನೆ. ಹಿಂದಿನ ಡಬ್ಬಿಯ ಬೋಲ್ಟು ಬಿಚ್ಚಿದಾಗ ಬೆರಳಿಗೆ ಹತ್ತಿದ ಎಣ್ಣೆ ಚಹಾದ ಬಣ್ಣದ್ದು. ಕಿಂಡಿಗೆ ಕೆಸರು ಕಟ್ಟಿದೆ. ಎಡಗಡೆಯ ಬ್ರೇಕ್ ಕೊಳವೆಯಲ್ಲಿ ಕೂದಲೆಳೆಯಂಥ ಬಿರುಕು. ಅವನು ಹೊರಬಂದು ಕೈ ಒರೆಸಿಕೊಳ್ಳುತ್ತಾನೆ. "ಅಪ್ಪಯ್ಯ, ನಾಳೆ ಜೀಪು ಬೆಟ್ಟಕ್ಕೆ ಬೇಡ" ಎನ್ನುತ್ತಾನೆ. ಒಂದು ದಿನದ ಬಾಡಿಗೆ ಹೋಯಿತು. ತಂದೆ ಮರುಮಾತಾಡದೆ ಪಾನಾಗಳ ಚೀಲ ತರಲು ಒಳಗೆ ಹೋಗುತ್ತಾರೆ. ದೊಡ್ಡ ಟೈರಿನ ಮಾತನ್ನು ಆ ದಿನ ಇಬ್ಬರೂ ಎತ್ತುವುದಿಲ್ಲ.